ಬೆಂಬಲ ಪತ್ರ ಓದು ಮೊದಲು

ಯಾರಿಗೂ ಬಹುಮತ ಬರದ ಚುನಾವಣೆ ಮುಗಿದ ಮೇಲೆ ಮೊದಲ ಮೂರು ದಿನ ಟಿವಿ ಹಾಕಬೇಡ ಕಣಮ್ಮ. ಆ ಮೂರು ದಿನ ಅಲ್ಲಿ ಕೂತವರಿಗೆಲ್ಲ ಒಂದೇ ಕೆಲಸ, ಮತದಾರನ ಮನಸ್ಸಿನಲ್ಲಿ ಏನಿತ್ತು ಅಂತ ಹೇಳುವುದು. ಜನ ಅಹಂಕಾರಕ್ಕೆ ಬುದ್ಧಿ ಕಲಿಸಿದ್ದಾರೆ ಅಂತ ಒಬ್ಬ, ಹೊಂದಿಕೊಂಡು ಆಳಿ ಎಂದು ಜನ ಅಪ್ಪಣೆ ಕೊಟ್ಟಿದ್ದಾರೆ ಅಂತ ಇನ್ನೊಬ್ಬ, ಜನಕ್ಕೇ ತಲೆ ಕೆಟ್ಟಿದೆ ಅಂತ ಮೂರನೆಯವ. ಜನ ಅನ್ನುವ ಒಬ್ಬ ಮನುಷ್ಯ ಎಲ್ಲೋ ಜಗಲಿ ಮೇಲೆ ಕೂತು ಯೋಚನೆ ಮಾಡಿ, ಇವರಿಗಿಷ್ಟು, ಅವರಿಗಷ್ಟು ಅಂತ ಅಳೆದು ಕೊಟ್ಟನೋ ಎಂಬಂತೆ ಮಾತಾಡುತ್ತಾರೆ.

1996ರ ಮೇ ತಿಂಗಳಲ್ಲಿ ನಾನು ಮತ ಎಣಿಕೆಯ ಮೇಜಿನಲ್ಲಿ ಕೂತಿದ್ದೆ. ಮೇಷ್ಟ್ರುಗಳಿಗೆ ಎಲೆಕ್ಷನ್ ಡ್ಯೂಟಿ ಯಾವತ್ತೂ ತಪ್ಪಿದ್ದಲ್ಲ. ಆಗ ಮತಯಂತ್ರ ಇರಲಿಲ್ಲ. ಮಡಿಚಿದ ಮತಪತ್ರಗಳನ್ನು ಒಂದೊಂದಾಗಿ ಬಿಚ್ಚಿ, ಗುರುತಿನ ಪ್ರಕಾರ ಬೇರೆ ಮಾಡಿ, ಐವತ್ತರ ಕಟ್ಟು ಕಟ್ಟಿ ರಬ್ಬರ್ ಬ್ಯಾಂಡ್ ಹಾಕಬೇಕಿತ್ತು. ಒಂದು ಚೀಟಿಯಲ್ಲಿ ಮುದ್ರೆ ಎರಡು ಗುರುತುಗಳ ನಡುವಿನ ಗೆರೆಯ ಮೇಲೇ ಬಿದ್ದಿತ್ತು. ಮುಕ್ಕಾಲು ನಮ್ಮ ಕಡೆ ಇದೆ ಸಾರ್ ಅಂತ ಒಬ್ಬ ಏಜೆಂಟ್. ಎಲ್ಲಿಯ ಮುಕ್ಕಾಲು, ಅರ್ಧಕ್ಕರ್ಧ ಅಂತ ಇನ್ನೊಬ್ಬ. ಇಬ್ಬರೂ ಕುರ್ಚಿ ಬಿಟ್ಟೆದ್ದರು. ಸಹಾಯಕ ಚುನಾವಣಾಧಿಕಾರಿ ಬಂದು, ಕನ್ನಡಕ ಹಣೆಗೇರಿಸಿ, ಚೀಟಿಯನ್ನು ಟ್ಯೂಬ್‌ಲೈಟಿಗೆ ಹಿಡಿದು ಹಿಂದೆ ಮುಂದೆ ನೋಡಿ, ತಿರಸ್ಕೃತ ಅಂತ ಒತ್ತಿ ಬದಿಗಿಟ್ಟರು. ಚೀಟಿ ಕೈಯಲ್ಲಿದ್ದರೂ ಒಬ್ಬ ಮತದಾರನ ಮನಸ್ಸು ಏನೆಂದು ನಮಗೆ ತಿಳಿಯಲಿಲ್ಲ. ಕೋಟ್ಯಂತರ ಜನರ ಮನಸ್ಸನ್ನು ಸ್ಟುಡಿಯೋದಲ್ಲಿ ಕೂತು ಓದುವವರನ್ನು ಕಂಡರೆ ನನಗೆ ಇವತ್ತಿಗೂ ಬೆರಗು.

ಆ ಸಲದ ಲೆಕ್ಕ ನೋಡು. 543 ಸ್ಥಾನಗಳಲ್ಲಿ ಬಿಜೆಪಿಗೆ 161, ಕಾಂಗ್ರೆಸ್ಸಿಗೆ 140, ಜನತಾದಳಕ್ಕೆ 46. ಹಾಗಂತ ಬಿಜೆಪಿಗೇ ಹೆಚ್ಚು ಮತ ಬಿತ್ತೇ? ಇಲ್ಲ. ಕಾಂಗ್ರೆಸ್ಸಿಗೆ ನೂರಕ್ಕೆ ಸುಮಾರು 29, ಬಿಜೆಪಿಗೆ ಸುಮಾರು 20. ಹೆಚ್ಚು ಮತ ಬಂದವರಿಗೆ ಕಡಿಮೆ ಸ್ಥಾನ. ಈಗ ಹೇಳು, ಜನ ಯಾರನ್ನು ಆರಿಸಿದರು? ನಮ್ಮ ರಾಜ್ಯದ 28ರಲ್ಲಿ 16 ಜನತಾದಳಕ್ಕೆ ಬಂದವು. ಹಾಗೆ ವೋಟು ಹಾಕಿದ ಒಬ್ಬನಿಗಾದರೂ, ಲೋಕಸಭೆಗೆ ನಿಂತೇ ಇಲ್ಲದ ನಮ್ಮ ಮುಖ್ಯಮಂತ್ರಿ ಪ್ರಧಾನಿಯಾಗುತ್ತಾರೆ ಎಂಬ ಕನಸಾದರೂ ಬಿದ್ದಿತ್ತೇ?

ಆಮೇಲಿನ ಎರಡು ವಾರ ತಮಾಷೆಯಾಗಿತ್ತು. ರಾಷ್ಟ್ರಪತಿ ಶಂಕರ ದಯಾಳ ಶರ್ಮ ಅವರು ದೊಡ್ಡ ಪಕ್ಷವೆಂದು ಬಿಜೆಪಿಯನ್ನು ಕರೆದರು. ಮೇ 16ಕ್ಕೆ ವಾಜಪೇಯಿ ಪ್ರಮಾಣವಚನ. ಅತ್ತ ಹದಿಮೂರು ಪಕ್ಷಗಳ ಸಂಯುಕ್ತ ರಂಗದವರು ಪ್ರಧಾನಿ ಹುಡುಕುತ್ತಿದ್ದರು. ವಿ.ಪಿ. ಸಿಂಗ್ ಒಲ್ಲೆ ಅಂದರು. ಜ್ಯೋತಿ ಬಸು ಅವರ ಪಕ್ಷವೇ ಬೇಡ ಅಂದಿತು. ಅದು ಐತಿಹಾಸಿಕ ಪ್ರಮಾದ ಅಂತ ಬಸು ಆಮೇಲೆ ಬಾಯಿ ಬಿಟ್ಟು ಹೇಳಿದರು. ಮೇ 27, 28ರ ವಿಶ್ವಾಸಮತದ ಚರ್ಚೆ ದೂರದರ್ಶನದಲ್ಲಿ ನೇರ ಬಂತು. ಬೇಸಿಗೆ ರಜೆ, ಪಕ್ಕದ ಮನೆಯ ಟಿವಿ ಮುಂದೆ ಅರ್ಧ ಬೀದಿ. ಮತಕ್ಕೆ ಹಾಕುವ ಮೊದಲೇ ವಾಜಪೇಯಿ ರಾಜೀನಾಮೆ ಕೊಡಲು ಎದ್ದು ಹೊರಟಾಗ ಅವರ ಪಕ್ಷವನ್ನು ಕಂಡರಾಗದವರೂ ತಲೆದೂಗಿದರು. ಜೂನ್ 1ಕ್ಕೆ ದೇವೇಗೌಡರು ಪ್ರಮಾಣವಚನ ಸ್ವೀಕರಿಸಿದರು. ಕಿಚಡಿ ಸರ್ಕಾರ ಮೂರು ತಿಂಗಳೂ ನಿಲ್ಲಲ್ಲ ಅಂತ ವಾರದ ಹಿಂದೆ ಕೈ ಝಾಡಿಸಿದ್ದವರೇ ಅವತ್ತು ನಮ್ಮ ಬೀದಿಯಲ್ಲಿ ಮೈಸೂರುಪಾಕ್ ಹಂಚಿದರು. ನಮ್ಮವನು ಕುರ್ಚಿ ಹತ್ತಿದರೆ ಜನತೆಯ ತೀರ್ಪು, ಇಲ್ಲದಿದ್ದರೆ ಕಿಚಡಿ. ಈ ಚಾಳಿ ನಿನ್ನಲ್ಲೂ ಇದೆ ಪುಟ್ಟಿ; ಫೋನಿನಲ್ಲಿ ನೀನು ಕೂಗಾಡಿದಾಗಲೇ ಗೊತ್ತಾಯಿತು.

ನಾನು ಹೇಳಬೇಕೆಂದಿರುವುದು ಇಷ್ಟೇ. ಬಹುಮತ ಬರಲಿಲ್ಲ ಅಂತ ಕೊರಗಬೇಡ. ಬೆಂಬಲ ಕೊಟ್ಟವನು ಎಲ್ಲಿ ಕೂತಿದ್ದಾನೆ, ಏನು ಬರೆದುಕೊಟ್ಟಿದ್ದಾನೆ, ಅದನ್ನು ನೋಡು. ಹೊರಗಿನ ಬೆಂಬಲ ಅಂತ ಒಂದು ವ್ಯವಸ್ಥೆ ಇದೆಯಲ್ಲ, ಮಂತ್ರಿಗಿರಿ ಬೇಡ, ಹೊಣೆಯೂ ಬೇಡ, ಸರ್ಕಾರದ ಜುಟ್ಟು ಮಾತ್ರ ಕೈಲಿರಬೇಕು ಅನ್ನುವುದು, ನಾನು ಕಂಡ ಅತಂತ್ರಗಳಲ್ಲಿ ಹೆಚ್ಚಿನ ಕೇಡು ಅಲ್ಲಿಂದಲೇ ಬಂದದ್ದು. ಒಲೆ ಮುಂದೆ ಕೂರದೆ ಪಡಸಾಲೆಯಲ್ಲೇ ಕಾಲು ಚಾಚಿಕೊಂಡು ಸಾರಿಗೆ ಉಪ್ಪು ಸಾಲದು ಅನ್ನುವ ನೆಂಟನನ್ನು ನಂಬಿ ಸಂಸಾರ ಮಾಡಿದ ಹಾಗೆ. 1979ರಲ್ಲಿ ಚರಣ್ ಸಿಂಗ್ ಹಾಗೆ ಕುರ್ಚಿ ಹತ್ತಿದರು. ತಿಂಗಳೊಳಗೆ ಕಾಂಗ್ರೆಸ್ ಕೈ ಕೊಟ್ಟಿತು, ಅವರು ಪ್ರಧಾನಿಯಾಗಿ ಲೋಕಸಭೆಯನ್ನು ಎದುರಿಸಲೇ ಇಲ್ಲ. 1990ರಲ್ಲಿ ಬಿಜೆಪಿ ಬೆಂಬಲ ಹಿಂತೆಗೆದು ವಿ.ಪಿ. ಸಿಂಗ್ ಬಿದ್ದರು. ಆಮೇಲೆ ಕಾಂಗ್ರೆಸ್ ಬಲದಿಂದ ಬಂದ ಚಂದ್ರಶೇಖರ್ ನಾಲ್ಕೇ ತಿಂಗಳಿಗೆ ರಾಜೀನಾಮೆ ಕೊಟ್ಟರು. ವಿದೇಶಿ ವಿನಿಮಯ ಬರಿದಾಗುತ್ತಿದ್ದ ಆ ಹೊತ್ತಿನಲ್ಲಿ ಪೂರ್ತಿ ಬಜೆಟ್ ಮಂಡಿಸಲೂ ಆಗಲಿಲ್ಲ.

ದೇವೇಗೌಡರ ಕತೆಯನ್ನು ಸ್ವಲ್ಪ ನಿಧಾನವಾಗಿ ನೋಡು. 1997ರ ಮಾರ್ಚ್ 30ರಂದು ಕಾಂಗ್ರೆಸ್ ಅಧ್ಯಕ್ಷ ಸೀತಾರಾಂ ಕೇಸರಿ ಬೆಂಬಲ ಹಿಂತೆಗೆದರು. ಏಪ್ರಿಲ್ 11ರಂದು ಸದನದಲ್ಲಿ ಪರ 158, ವಿರುದ್ಧ 292. ಸರಿ, ಆ ಸರ್ಕಾರ ಅಷ್ಟು ಕೆಟ್ಟದ್ದಾಗಿದ್ದರೆ ಕಾಂಗ್ರೆಸ್ ಅದೇ ರಂಗಕ್ಕೆ ಹತ್ತು ದಿನದಲ್ಲಿ ಮತ್ತೆ ಬೆಂಬಲ ಕೊಟ್ಟದ್ದು ಹೇಗೆ? ಕೊಟ್ಟಿತು, ಪ್ರಧಾನಿ ಮಾತ್ರ ಗುಜ್ರಾಲ್ ಆದರು. ನವೆಂಬರಿನಲ್ಲಿ, ರಾಜೀವ್ ಹತ್ಯೆಯ ಕುರಿತ ಜೈನ್ ಆಯೋಗದ ವರದಿ ಹಿಡಿದು, ಡಿಎಂಕೆಯನ್ನು ಸರ್ಕಾರದಿಂದ ಹೊರಹಾಕಿ ಎಂದು ಕಾಂಗ್ರೆಸ್ಸಿನವರು ಹಟ ಹಿಡಿದರು. ಗುಜ್ರಾಲ್ ಒಪ್ಪಲಿಲ್ಲ. ಅವರೂ ಹೋದರು. ಅದೇ ಡಿಎಂಕೆ ಜೊತೆ ಕಾಂಗ್ರೆಸ್ 2004ರಲ್ಲಿ ಕೈಜೋಡಿಸಿ ಚುನಾವಣೆ ಗೆದ್ದಿತು ಅನ್ನುವುದನ್ನೂ ನೆನಪಿಟ್ಟುಕೋ. ತತ್ವದ ಮಾತು ಕೇಳಿದಾಗ ಉಪಯೋಗಕ್ಕೆ ಬರುತ್ತದೆ.

ಒಳಗೆ ಕೂತವರೆಲ್ಲ ಸತ್ಯಹರಿಶ್ಚಂದ್ರರು ಅಂತಲ್ಲ. ವಾಜಪೇಯಿ ಸಂಪುಟದಲ್ಲಿ ಮಂತ್ರಿಗಳನ್ನಿಟ್ಟುಕೊಂಡಿದ್ದ ಅಣ್ಣಾ ಡಿಎಂಕೆ 1999ರಲ್ಲಿ ಎದ್ದು ಹೊರನಡೆದು ಸರ್ಕಾರವನ್ನೇ ಉರುಳಿಸಿತು. ಏಪ್ರಿಲ್ 17, 269ಕ್ಕೆ 270. ಒಂದೇ ಒಂದು ವೋಟು. ಆದರೂ ಒಳಗಿದ್ದವನು ಎದ್ದು ಹೋಗಬೇಕಾದರೆ ತನ್ನ ಕುರ್ಚಿಯನ್ನೂ ಬಿಡಬೇಕು, ಅಷ್ಟಾದರೂ ಬೆಲೆ ತೆರಬೇಕು. ಹೊರಗಿದ್ದವನಿಗೆ ಆ ನಷ್ಟವೂ ಇಲ್ಲ. 2024ರಲ್ಲಿ ನೀನು ಮೊದಲ ಸಲ ಮತ ಹಾಕಿದೆ; ಬಿಜೆಪಿಗೆ 240 ಬಂದು 272 ದಾಟದೆ ನಿಂತಾಗ ತೆಲುಗುದೇಶಂ, ಜೆಡಿಯು ಎರಡೂ ಮಂತ್ರಿಗಿರಿ ಪಡೆದು ಒಳಗೇ ಕೂತವು. ಅಧಿಕಾರದಾಸೆ ಅಂತ ನಿನ್ನ ಗೆಳತಿಯರು ಹಂಗಿಸಿದರಂತೆ. ನಾನಾದರೆ ಅದೇ ವಾಸಿ ಅನ್ನುತ್ತೇನೆ.

ಅಂದಹಾಗೆ, ಸರ್ಕಾರದ ಹಣೆಬರಹ ಸದನದಲ್ಲೇ ತೀರ್ಮಾನವಾಗಬೇಕು, ರಾಜಭವನದಲ್ಲಲ್ಲ ಅನ್ನುವುದು ಗಟ್ಟಿಯಾದದ್ದು ನಮ್ಮವರೇ ಒಬ್ಬರಿಂದ. 1989ರಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರಕ್ಕೆ ಬಹುಮತ ಸಾಬೀತು ಮಾಡಲು ಅವಕಾಶವನ್ನೇ ಕೊಡದೆ ವಜಾ ಮಾಡಿದರು. ಅವರು ಕೋರ್ಟಿಗೆ ಹೋದರು. 1994ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಅಷ್ಟರಲ್ಲಿ ಅವರ ಕುರ್ಚಿ ಹೋಗಿ ಐದು ವರ್ಷ ಆಗಿತ್ತು.

1996ರ ಚುನಾವಣೆಯ ಮೇಲೆ ಎರಡು ವರ್ಷದೊಳಗೆ ಮೂರು ಪ್ರಧಾನಿಗಳ ಕೈ ಬದಲಾದ ಆ ಕಾಲ ದಂಡವಾಯಿತು ಅಂತ ಬಹಳ ಜನ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಮಹಿಳಾ ಮೀಸಲಾತಿ ಮಸೂದೆ ಲೋಕಸಭೆಗೆ ಮೊದಲು ಬಂದದ್ದು 1996ರ ಸೆಪ್ಟೆಂಬರಿನಲ್ಲಿ, ದೇವೇಗೌಡರ ಕಿಚಡಿ ಸರ್ಕಾರದಲ್ಲಿ. ಅದು ಸಂಸತ್ತಿನಲ್ಲಿ ಪಾಸಾದದ್ದು 2023ರಲ್ಲಿ. ನಡುವೆ ಗಟ್ಟಿ ಸರ್ಕಾರಗಳೂ ಬಂದು ಹೋಗಿದ್ದವು. ಗಂಗಾ ನೀರಿನ ಬಗ್ಗೆ ಬಾಂಗ್ಲಾದೇಶದ ಜೊತೆ 30 ವರ್ಷದ ಒಪ್ಪಂದ ಆದದ್ದು 1996ರ ಡಿಸೆಂಬರಿನಲ್ಲಿ. ಬ್ರಹ್ಮಪುತ್ರದ ಮೇಲಿನ ಬೋಗಿಬೀಲ್ ಸೇತುವೆಗೆ ದೇವೇಗೌಡರು ಅಡಿಗಲ್ಲಿಟ್ಟದ್ದು 1997ರ ಜನವರಿಯಲ್ಲಿ, ಅದರ ಉದ್ಘಾಟನೆ 2018ರ ಡಿಸೆಂಬರಿನಲ್ಲಿ. ಸೇತುವೆ ತಡವಾದದ್ದಕ್ಕೆ ಅತಂತ್ರ ಲೋಕಸಭೆಯನ್ನು ಬೈಯುವಂತಿಲ್ಲ.

ಬೈಯಬೇಕಾದ್ದು ವ್ಯಾಪಾರವನ್ನು. 1993ರಲ್ಲಿ ನರಸಿಂಹರಾವ್ ಸರ್ಕಾರ ಅವಿಶ್ವಾಸ ನಿರ್ಣಯವನ್ನು 265-251ರಲ್ಲಿ ಗೆದ್ದಾಗ ಜಾರ್ಖಂಡ್ ಮುಕ್ತಿ ಮೋರ್ಚಾದ ಸಂಸದರು ಹಣ ಪಡೆದು ಮತ ಹಾಕಿದರೆಂದು ಮೊಕದ್ದಮೆಯಾಯಿತು. 1998ರಲ್ಲಿ ಸುಪ್ರೀಂ ಕೋರ್ಟು ಏನಂದಿತು ಗೊತ್ತೇ? ಲಂಚ ಪಡೆದು ಸದನದಲ್ಲಿ ವೋಟು ಹಾಕಿದ ಸಂಸದನಿಗೆ ಸಂವಿಧಾನದ ರಕ್ಷಣೆ ಇದೆ. ಲಂಚ ಪಡೆದು ವೋಟು ಹಾಕದೆ ಉಳಿದವನಿಗೆ ಇಲ್ಲ! ಕೊಟ್ಟ ಮಾತಿಗೆ ನಡೆದವನಿಗೆ ಬಹುಮಾನ ಅನ್ನೋಣವೇ? ಆ ತೀರ್ಪನ್ನು ಏಳು ನ್ಯಾಯಮೂರ್ತಿಗಳು ತಳ್ಳಿಹಾಕಿದ್ದು 2024ರ ಮಾರ್ಚಿನಲ್ಲಿ. ಇಷ್ಟು ವರ್ಷ ಬೇಕಾಯಿತು.

ಹಾಗಾಗಿ ಮುಂದಿನ ಸಲ ಫಲಿತಾಂಶ ಅತಂತ್ರವಾದರೆ, ಪ್ರಧಾನಿ ಯಾರಾಗ್ತಾರೆ ತಾತ ಅಂತ ನನಗೆ ಫೋನ್ ಮಾಡಬೇಡ. ಅದು ನನ್ನ ಕೈಲೂ ಇಲ್ಲ, ನಿನ್ನ ಕೈಲೂ ಇಲ್ಲ. ನಿನ್ನ ಕ್ಷೇತ್ರದ ಎಂಪಿ ಯಾರು, ಅವರ ಪಕ್ಷ ಯಾರಿಗೆ ಬೆಂಬಲ ಕೊಟ್ಟಿದೆ, ಯಾವ ಷರತ್ತಿನ ಮೇಲೆ, ಆ ಷರತ್ತು ಬರವಣಿಗೆಯಲ್ಲಿ ಇದೆಯೇ, ಅದರಲ್ಲಿ ನಮ್ಮ ರಾಜ್ಯದ ಪಾಲಿನದು ಏನಾದರೂ ಇದೆಯೇ ಅಂತ ವಿಚಾರಿಸು. ಸದನದಲ್ಲಿ ಅವರು ಕೇಳಿದ ಪ್ರಶ್ನೆ, ಆಡಿದ ಮಾತು ಎಲ್ಲ ಲೋಕಸಭೆಯ ಜಾಲತಾಣದಲ್ಲಿ ಸಿಗುತ್ತದೆ. ಮೊಬೈಲು ಹಿಡಿದೇ ಇರುತ್ತೀಯಲ್ಲ, ಅರ್ಧ ಗಂಟೆ ಅದನ್ನೂ ನೋಡು. ನೋಡಿ ಒಂದು ಕಾಗದ ಬರಿ. ಮಾನ್ಯ ಸಂಸದರೇ ಅಂತ ಶುರು ಮಾಡು, ಬೈಗುಳ ಬೇಡ, ಒಂದೇ ಪುಟ ಸಾಕು. ಮೊದಲ ಕಾಗದಕ್ಕೆ ಉತ್ತರ ಬರುವುದಿಲ್ಲ. ಎರಡನೆಯದನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೋ.