ಕಾಲು ಅಳೆಯುವವರು ಕೆಲಸವನ್ನೂ ಅಳೆಯಲಿ

ಹರದನಹಳ್ಳಿ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಪಿಯುಸಿಯಲ್ಲಿ ವಿಜ್ಞಾನ ಓದಿದ ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ನರ್ಸಿಂಗ್ ಅಂದರೆ ಬೇಗ ಸಂಬಳ ಕೈಗೆ ಬರುವ ಓದು. ಆದರೆ ನಡೆಯುವಾಗ ಕಾಲು ಎಳೆಯುತ್ತಿದ್ದರೆ, ಬೆನ್ನು ವಾಲಿದ್ದರೆ, ಕಿವಿ ಮಂದವಾಗಿದ್ದರೆ ಮೊದಲು ಬೇಡ ಅನ್ನುವವರು ಮನೆಯವರೇ. ದಿನವೆಲ್ಲ ನಿಂತು ಮಾಡೋ ಕೆಲಸ ಕಣವ್ವ, ನಿನ್ನ ಕೈಲಾಗಲ್ಲ ಅನ್ನುತ್ತಾರೆ. ವಾರ್ಡಿನ ಕೆಲಸವನ್ನು ಒಳಗಿನಿಂದ ಕಂಡವಳಾಗಿ ಹೇಳುತ್ತೇನೆ: ಆ ಮಾತಿನಲ್ಲಿ ಪ್ರೀತಿಯಿದೆ, ಅದು ಪೂರ್ತಿ ಸುಳ್ಳೂ ಅಲ್ಲ. ಆದರೆ ಕೇಳಬೇಕಾದ ಪ್ರಶ್ನೆ ಬೇರೆ. ಯಾವ ಅಂಗ ಊನ ಎಂದಲ್ಲ, ಯಾವ ಕೆಲಸ ಆಗುತ್ತದೆ, ಯಾವುದು ಇನ್ನೊಂದು ಬಗೆಯಲ್ಲಿ ಆಗುತ್ತದೆ, ಯಾವುದು ಆಗುವುದೇ ಇಲ್ಲ ಎಂದು ನೋಡಬೇಕು.

ನಿಯಮವೂ ಅಂಗದ ಲೆಕ್ಕದಲ್ಲೇ ನಿಂತಿದೆ. ಭಾರತೀಯ ಶುಶ್ರೂಷಾ ಪರಿಷತ್ತು 2021ರಲ್ಲಿ ಪ್ರಕಟಿಸಿದ ಬಿ.ಎಸ್ಸಿ. ನರ್ಸಿಂಗ್ ನಿಯಮ ಅಂಗವಿಕಲರಿಗೆ ಶೇ. 5 ಸೀಟು ಮೀಸಲಿಟ್ಟಿತು, ಆದರೆ ಕಾಲಿನ ವೈಕಲ್ಯ ಶೇ. 40ರಿಂದ 50ರ ಒಳಗಿರುವವರಿಗೆ ಮಾತ್ರ. ಸರ್ಟಿಫಿಕೇಟಿನಲ್ಲಿ ಶೇ. 52 ಎಂದು ಬಂದವಳಿಗೆ ಈ ಬಾಗಿಲು ಮುಚ್ಚಿತು. ಕೈಯಲ್ಲಿ ಎರಡು ಬೆರಳಿಲ್ಲದವಳಿಗೂ ಮುಚ್ಚಿತು, ಉಳಿದ ಬೆರಳುಗಳಲ್ಲಿ ಅವಳು ಇಂಜೆಕ್ಷನ್ ಎಷ್ಟು ಚೆನ್ನಾಗಿ ಕೊಟ್ಟರೂ ಸರಿಯೇ. ಅದೇ ನಿಯಮ ಬಣ್ಣಗುರುಡಿನ ವಿಷಯದಲ್ಲಿ ವಿವೇಕ ತೋರಿಸಿದೆ. ಬಣ್ಣ ತಿದ್ದುವ ಕನ್ನಡಕವೋ ಲೆನ್ಸೋ ಹಾಕಿಕೊಂಡರೆ ಸೇರಿಸಿಕೊಳ್ಳಬಹುದು ಎನ್ನುತ್ತದೆ. ಸಾಧನದಿಂದ ನೀಗುವ ಕೊರತೆ ಅಡ್ಡಿಯಲ್ಲ ಎಂಬ ತತ್ವ ಕಣ್ಣಿಗೆ ಒಪ್ಪಿದ ಮೇಲೆ ಕಿವಿಗೆ ಯಾಕೆ ಒಪ್ಪಬಾರದು? ಎದೆಬಡಿತವನ್ನು ಜೋರಾಗಿ ಕೇಳಿಸುವ ಎಲೆಕ್ಟ್ರಾನಿಕ್ ಸ್ಟೆತಸ್ಕೋಪ್ ಇವತ್ತು ಅಂಗಡಿಯಲ್ಲಿ ಸಿಗುತ್ತದೆ. ವೈದ್ಯಕೀಯ ಓದಿನ ಬಗ್ಗೆ ಸುಪ್ರೀಂ ಕೋರ್ಟ್ ಆಗಲೇ ಮಾತಾಡಿದೆ. ವೈಕಲ್ಯದ ಶೇಕಡಾ ಪ್ರಮಾಣವೊಂದನ್ನೇ ನೋಡಿ ಯಾರನ್ನೂ ಎಂಬಿಬಿಎಸ್‌ನಿಂದ ಹೊರಗಿಡುವಂತಿಲ್ಲ, ಓದಬಲ್ಲರೇ ಎಂದು ಪರೀಕ್ಷಿಸಬೇಕು ಎಂದು 2024ರ ಅಕ್ಟೋಬರ್‌ನಲ್ಲಿ ಹೇಳಿತು. ಎರಡೂ ಕೈ ಸರಿಯಿರಲೇಬೇಕು ಎಂಬ ಷರತ್ತನ್ನು 2025ರ ಫೆಬ್ರವರಿಯಲ್ಲಿ ತಳ್ಳಿಹಾಕಿತು. ಆ ತೀರ್ಪುಗಳು ನರ್ಸಿಂಗ್ ಸೀಟಿನ ಬಗ್ಗೆ ಅಲ್ಲ, ನಿಜ. ಆದರೆ ಅವುಗಳ ಹಿಂದಿರುವ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಎಲ್ಲ ಓದಿಗೂ ಒಂದೇ.

ನರ್ಸ್ ಅಂದರೆ ರೋಗಿಯನ್ನು ಎತ್ತಬೇಕಲ್ಲ ಎನ್ನುವುದು ಮೊದಲ ಆಕ್ಷೇಪ, ದೊಡ್ಡದೂ ಹೌದು. ಒಬ್ಬರೇ ಎತ್ತಬೇಕೆಂದು ಯಾರು ಹೇಳಿದರು? ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯ ಸಂಶೋಧಕ ಥಾಮಸ್ ವಾಟರ್ಸ್ 2007ರಲ್ಲಿ ಹಾಕಿದ ಲೆಕ್ಕದಂತೆ, ಅನುಕೂಲ ಸ್ಥಿತಿಯಲ್ಲೂ ನರ್ಸ್ ಒಬ್ಬಳು ರೋಗಿಯ ಭಾರ ಹೊರುವ ಮಿತಿ 35 ಪೌಂಡ್, ಅಂದರೆ ಸುಮಾರು 16 ಕಿಲೋ. ಗಟ್ಟಿಮುಟ್ಟಾದವಳಿಗೂ ಮಿತಿ ಅಷ್ಟೇ. ನಮ್ಮಲ್ಲಿ 60 ಕಿಲೋದ ರೋಗಿಯನ್ನು ಇಬ್ಬರು ಕೈಯಲ್ಲೇ ಮಂಚದಿಂದ ಟ್ರಾಲಿಗೆ ಎಳೆಯುತ್ತಾರೆ, ಜಾರುಹಲಗೆಯಾಗಲಿ ಹಾಯಿಸ್ಟ್ ಆಗಲಿ ಕಾಣಿಸುವುದು ಅಪರೂಪ. ಹಾಗೆ ಎಳೆದೆಳೆದು ನಲವತ್ತಕ್ಕೇ ಸೊಂಟ ಕಳೆದುಕೊಂಡ ಸಿಸ್ಟರ್‌ಗಳು ಯಾವ ಆಸ್ಪತ್ರೆಯಲ್ಲಿಲ್ಲ? ಅವರೆಲ್ಲ ಸೇರುವಾಗ ಫಿಟ್ ಆಗಿದ್ದವರೇ. ಸೇವೆಯಲ್ಲಿದ್ದಾಗ ಅಂಗವಿಕಲರಾದ ಸರ್ಕಾರಿ ನೌಕರರನ್ನು ತೆಗೆಯಬಾರದು, ದರ್ಜೆ ಇಳಿಸಬಾರದು, ಬೇಕಾದರೆ ಬೇರೆ ಹುದ್ದೆಗೆ ಹಾಕಬೇಕು ಎಂದು 2016ರ ಕಾಯ್ದೆಯ 20ನೇ ಕಲಮು ಹೇಳುತ್ತದೆ. ಸೊಂಟ ಹೋದ ಮೇಲೂ ಆಸ್ಪತ್ರೆಯಲ್ಲಿ ನರ್ಸಿಗೆ ಕೆಲಸವಿದೆ ಎಂದು ಇಲ್ಲಿ ಒಪ್ಪಿದವರು, ಕಾಲು ಎಳೆಯುವ ಹುಡುಗಿಗೆ ಬಾಗಿಲಲ್ಲೇ ಇಲ್ಲ ಅನ್ನುವುದು ನ್ಯಾಯವಲ್ಲ.

ಎರಡನೆಯ ಆಕ್ಷೇಪ ರೋಗಿಯ ಜೀವದ್ದು, ಇದನ್ನು ಹಗುರವಾಗಿ ತಳ್ಳಲಾರೆ. ಹೃದಯ ನಿಂತವರ ಎದೆಯನ್ನು 5 ಸೆಂಟಿಮೀಟರಿಗೆ ಕಡಿಮೆಯಿಲ್ಲದಂತೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ತೋಳಿನಲ್ಲಿ ಆ ಬಲವಿಲ್ಲದವರು ಐಸಿಯು, ತುರ್ತು ವಿಭಾಗವನ್ನು ಬಯಸಬಾರದು, ರಾತ್ರಿ ವಾರ್ಡಿನಲ್ಲಿ ಒಬ್ಬರೇ ಇರಲೂಬಾರದು. ಇದು ನಿಜವಾದ ಮಿತಿ. ಆದರೆ ಬಲವಿದ್ದವರೂ 2 ನಿಮಿಷಕ್ಕೊಮ್ಮೆ ಕೈ ಬದಲಿಸಬೇಕೆಂಬುದು ಅದೇ ವಿಧಾನದ ನಿಯಮ. ರೋಗಿ ಉಳಿಯುವುದು ತಂಡದಿಂದ, ಮೊದಲು ಗುರುತಿಸಿ ಕೂಗಿ ಕರೆದವಳೂ ಆ ತಂಡದವಳೇ. ಸಹೋದ್ಯೋಗಿಗಳ ಮೇಲೆ ಹೊರೆ ಬೀಳುತ್ತದೆ ಎನ್ನುವವರು ಸಿಬ್ಬಂದಿ ಕೊರತೆಯ ಹೊರೆಯನ್ನು ಯಾರ ಕಾಲಿಗೆ ಕಟ್ಟುತ್ತಿದ್ದೇವೆ ಎಂದು ಯೋಚಿಸಲಿ.

ನನ್ನ ಎಣಿಕೆಯಲ್ಲಿ ಕಷ್ಟ ಹೆಚ್ಚಿರುವುದು ನೌಕರಿಗಿಂತ ಓದಿನಲ್ಲಿ. ನೌಕರಿಯಲ್ಲಿ ಆಯ್ಕೆಯಿದೆ: ಡಯಾಲಿಸಿಸ್, ಲಸಿಕೆ, ಸೋಂಕು ನಿಯಂತ್ರಣ, ಮಾನಸಿಕ ಆರೋಗ್ಯ, ಬೋಧನೆ, ಉಪಕೇಂದ್ರದಲ್ಲಿ ಕೂತು ಬಿಪಿ, ಶುಗರ್ ನೋಡಿ ಇ-ಸಂಜೀವಿನಿಯಲ್ಲಿ ಡಾಕ್ಟರರನ್ನು ಸಂಪರ್ಕಿಸುವ ಸಮುದಾಯ ಆರೋಗ್ಯಾಧಿಕಾರಿಯ ಕೆಲಸ. ಬಿ.ಎಸ್ಸಿ.ಯ 4 ವರ್ಷದಲ್ಲಿ ಆ ಆಯ್ಕೆಯಿಲ್ಲ. ಹೆರಿಗೆ ಕೋಣೆ, ಶಸ್ತ್ರಚಿಕಿತ್ಸೆ, ರಾತ್ರಿ ಪಾಳಿ ಎಲ್ಲವನ್ನೂ ದಾಟಲೇಬೇಕು. ಹಾಸನದಲ್ಲಿ ಓದುತ್ತ ಹೊಳೆನರಸೀಪುರದಿಂದ ದಿನಾ ಬಸ್ಸಿನಲ್ಲಿ ಓಡಾಡುವುದಾದರೆ ಅರ್ಧ ಶಕ್ತಿ ದಾರಿಯಲ್ಲೇ ಮುಗಿಯುತ್ತದೆ, ಹಾಸ್ಟೆಲ್ ಸಿಗುತ್ತದೆಯೇ ಎಂದು ಸೀಟಿಗಿಂತ ಮೊದಲು ವಿಚಾರಿಸಬೇಕು. ಫ್ಲಾರೆನ್ಸ್ ನೈಟಿಂಗೇಲ್ ಹೆಸರಲ್ಲಿ ದೀಪ ಹಚ್ಚಿ ಪ್ರತಿಜ್ಞೆ ಮಾಡಿಸುವ ಕಾಲೇಜುಗಳು, ಆಕೆ 1857ರಿಂದ ಕಾಯಿಲೆಯಿಂದ ವರ್ಷಗಟ್ಟಲೆ ಹಾಸಿಗೆ ಹಿಡಿದೇ ಶುಶ್ರೂಷೆಯ ಪುಸ್ತಕ ಬರೆದದ್ದನ್ನೂ, 1860ರಲ್ಲಿ ಲಂಡನ್ನಿನ ತರಬೇತಿ ಶಾಲೆಗೆ ಕಾರಣಳಾದದ್ದನ್ನೂ ಮಕ್ಕಳಿಗೆ ಹೇಳಬೇಕು.

ಶೇ. 40ಕ್ಕಿಂತ ಕಡಿಮೆ ವೈಕಲ್ಯ ಇರುವವರಿಗೆ ಮೀಸಲಾತಿ ಇಲ್ಲ, ಸಾಮಾನ್ಯ ಸೀಟಿಗೇ ವೈದ್ಯಕೀಯ ದೃಢತೆ ಪತ್ರದೊಂದಿಗೆ ಹೋಗಬೇಕು. ಮೀಸಲು ಸೀಟು ಕೇಳುವವರನ್ನು ಪರೀಕ್ಷಿಸುವ ಸಮಿತಿಯಲ್ಲಿ ನರ್ಸಿಂಗ್ ತಜ್ಞರೊಬ್ಬರು ಇರಬೇಕೆಂದು ಪರಿಷತ್ತೇ ಹೇಳಿದೆ. ಅವರೆದುರು ನಿಮ್ಮ ಕೈಲಾಗುವುದನ್ನು ಮಾಡಿ ತೋರಿಸುವ ಅವಕಾಶ ಕೇಳಿ. ಆಗುವುದಿಲ್ಲ ಎಂದರೆ, ಯಾವ ಕೆಲಸ ಯಾಕೆ ಆಗುವುದಿಲ್ಲ ಎಂದು ಬರವಣಿಗೆಯಲ್ಲಿ ಪಡೆಯಿರಿ. ಬೆಂಗಳೂರಿನಲ್ಲಿರುವ ರಾಜ್ಯ ಅಂಗವಿಕಲರ ಆಯುಕ್ತರಿಗೆ ದೂರು ಕೊಡುವಾಗ ಆ ಹಾಳೆ ಬೇಕಾಗುತ್ತದೆ.