ಮನೆಪಾಠ: ಎಲ್ಲಿ ಉಪಯೋಗ, ಎಲ್ಲಿ ವ್ಯರ್ಥ

ಬೆಂಗಳೂರಿನಲ್ಲಿ ಶಾಲೆ-ಕಾಲೇಜು ಬಿಟ್ಟ ಮೇಲೆ ನಡೆಯುವ ಪಾಠ ಮುಖ್ಯವಾಗಿ ಮೂರು ಬಗೆಯದು. ಮೊದಲನೆಯದು ವಿದ್ಯಾರ್ಥಿಯ ಮನೆಗೇ ಹೋಗಿ ಒಬ್ಬರಿಗೆ ಹೇಳಿಕೊಡುವ ಮನೆಪಾಠ. ಎರಡನೆಯದು ಮೇಷ್ಟ್ರು ತಮ್ಮ ಮನೆಯ ಮುಂಗೋಣೆಯಲ್ಲೋ ಮಹಡಿಯಲ್ಲೋ ಎಂಟು-ಹತ್ತು ಮಕ್ಕಳನ್ನು ಕೂರಿಸಿಕೊಂಡು ನಡೆಸುವ ಟ್ಯೂಷನ್. ರಾಜಾಜಿನಗರ, ವಿಜಯನಗರ, ಬಸವನಗುಡಿಯ ಅಡ್ಡರಸ್ತೆಗಳಲ್ಲಿ ಇಂಥ ಟ್ಯೂಷನ್‌ಗಳ ಬೋರ್ಡು ಗೇಟಿಗೇ ಕಟ್ಟಿರುತ್ತದೆ. ಮೂರನೆಯದು ಕೋಚಿಂಗ್ ಸೆಂಟರ್. ಪಿಯು ಕಾಲೇಜಿನೊಳಗೇ ಕೋಚಿಂಗ್ ಸೇರಿಸಿಕೊಂಡ ‘ಇಂಟಿಗ್ರೇಟೆಡ್’ ತರಗತಿಗಳೂ ಇದೇ ಗುಂಪಿನವು. ಮೊದಲೆರಡರ ಗುರಿ ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿಯ ಅಂಕ, ಮೂರನೆಯದರ ಗುರಿ ಸಿಇಟಿ, ನೀಟ್, ಜೆಇಇ ಎಂಬ ಪ್ರವೇಶ ಪರೀಕ್ಷೆಗಳು. ಮೊದಲೆರಡು ಬಗೆಯಲ್ಲಿ ಗಣಿತ ಮತ್ತು ಭೌತಶಾಸ್ತ್ರ ಹೇಳಿಕೊಟ್ಟ ಅನುಭವ ಈ ಲೇಖನಕ್ಕೆ ಆಧಾರ.

ಟ್ಯೂಷನ್ ಕೇಳಿಕೊಂಡು ಬರುವ ಪೋಷಕರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: “ಇವನಿಗೆ ಎಲ್ಲಾ ಬರುತ್ತೆ ಸರ್, ಸಿಲ್ಲಿ ಮಿಸ್ಟೇಕ್ ಮಾಡ್ತಾನೆ ಅಷ್ಟೆ.” ಉತ್ತರಪತ್ರಿಕೆ ತೆರೆದರೆ ಕಥೆ ಬೇರೆ ಇರುತ್ತದೆ. ಹತ್ತನೇ ತರಗತಿಯ ವಿದ್ಯಾರ್ಥಿ ವರ್ಗಸಮೀಕರಣದ ಸೂತ್ರವನ್ನು ತಪ್ಪಿಲ್ಲದೆ ಬರೆದಿರುತ್ತಾನೆ. ಶೋಧಕ ಕಂಡುಹಿಡಿಯುವ ಸಾಲಿನಲ್ಲಿ 9 + 40 ಬರಬೇಕಾದ ಕಡೆ 9 − 40 ಎಂದು ಬರೆದು, ‘ವಾಸ್ತವ ಮೂಲಗಳಿಲ್ಲ’ ಎಂದು ಮುಗಿಸಿರುತ್ತಾನೆ. ಅವನಿಗೆ ಬಾರದಿರುವುದು ವರ್ಗಸಮೀಕರಣವಲ್ಲ, ಏಳನೇ ತರಗತಿಯ ಋಣಸಂಖ್ಯೆಗಳ ಗುಣಾಕಾರ. ಪಿಯು ಮೊದಲ ವರ್ಷದ ಭೌತಶಾಸ್ತ್ರದಲ್ಲೂ ಹೀಗೆಯೇ. ಚಲನೆಯ ಸಮೀಕರಣಗಳು ಬಾಯಿಗೆ ಬಂದಿರುತ್ತವೆ. ಗಂಟೆಗೆ 72 ಕಿಲೋಮೀಟರ್ ಅಂದರೆ ಸೆಕೆಂಡಿಗೆ 20 ಮೀಟರ್ ಎಂಬಲ್ಲಿ ಲೆಕ್ಕ ನಿಂತುಹೋಗುತ್ತದೆ.

ಆದ್ದರಿಂದ ಮೊದಲ ವಾರದಲ್ಲಿ ಹೊಸ ಪಾಠ ಶುರು ಮಾಡದಿರುವುದು ಒಳ್ಳೆಯದು. ಹಿಂದಿನ ಎರಡು-ಮೂರು ಪರೀಕ್ಷೆಗಳ ಉತ್ತರಪತ್ರಿಕೆಗಳನ್ನು ಹರಡಿಕೊಂಡು, ಅಂಕ ಹೋದ ಜಾಗಗಳನ್ನು ನಾಲ್ಕು ಪಟ್ಟಿ ಮಾಡಬೇಕು: ವಿಷಯವೇ ಗೊತ್ತಿಲ್ಲದ್ದು, ಕೆಳಗಿನ ತರಗತಿಯ ಕೊರತೆ, ಪ್ರಶ್ನೆ ಓದುವಾಗಿನ ತಪ್ಪು, ಸಮಯ ಸಾಲದೆ ಬಿಟ್ಟದ್ದು. ಈ ನಾಲ್ಕಕ್ಕೂ ಮದ್ದು ಬೇರೆಬೇರೆ. ಲೇಖಕನ ಅನುಭವದಲ್ಲಿ ಎರಡನೇ ಪಟ್ಟಿಯೇ ಉದ್ದವಾಗಿರುತ್ತದೆ. ಭಿನ್ನರಾಶಿ, ಋಣಸಂಖ್ಯೆ, ಅಪವರ್ತನ, ಪ್ರಮಾಣ ಈ ನಾಲ್ಕನ್ನು ಗಟ್ಟಿ ಮಾಡಿದರೆ ಹತ್ತನೇ ತರಗತಿಯ ಗಣಿತದ ಬಹುಪಾಲು ಭಯ ಹೋಗುತ್ತದೆ. ಆದರೆ ಹತ್ತನೇ ತರಗತಿಯ ಮಗುವಿಗೆ ಏಳನೇ ತರಗತಿಯ ಲೆಕ್ಕ ಕೊಡುವುದನ್ನು ಪೋಷಕರು ಕಾಲಹರಣವೆಂದು ತಿಳಿಯುತ್ತಾರೆ, ಮಗುವಿಗೆ ಅದು ಅವಮಾನ ಅನ್ನಿಸುತ್ತದೆ. ಕಾರಣವನ್ನು ಇಬ್ಬರಿಗೂ ಮೊದಲೇ ಹೇಳಿ, ಆ ಕೆಲಸಕ್ಕೆ ದಿನಕ್ಕೆ ಹದಿನೈದು ನಿಮಿಷ ಮಾತ್ರ ಇಟ್ಟುಕೊಂಡರೆ ತಕರಾರು ಇರುವುದಿಲ್ಲ.

ಪಾಠದ ಒಂದು ಗಂಟೆಯಲ್ಲಿ ಮೇಷ್ಟ್ರ ಪೆನ್ನು ಓಡಿದಷ್ಟೂ ಮಗುವಿಗೆ ನಷ್ಟ. ಮೇಷ್ಟ್ರು ಬಿಡಿಸಿದ ಲೆಕ್ಕವನ್ನು ನೋಡುತ್ತ ಕೂತಾಗ ಎಲ್ಲವೂ ಅರ್ಥವಾದ ಹಾಗಿರುತ್ತದೆ. ಮಾರನೆಯ ದಿನ ಅದೇ ಲೆಕ್ಕ ಮುಂದಿಟ್ಟರೆ ಮೊದಲ ಸಾಲೇ ಹೊಳೆಯುವುದಿಲ್ಲ. ಮೊದಲ ಹತ್ತು ನಿಮಿಷ ಹಿಂದಿನ ಪಾಠದ ಎರಡು ಲೆಕ್ಕ ಪುಸ್ತಕ ಮುಚ್ಚಿ ಮಾಡಿಸುವುದು, ನಂತರ ಇಪ್ಪತ್ತು ನಿಮಿಷ ಹೊಸ ವಿಷಯ, ಉಳಿದ ಅರ್ಧ ಗಂಟೆ ವಿದ್ಯಾರ್ಥಿಯೇ ಬರೆಯುವುದು: ಈ ಹಂಚಿಕೆ ಬಹುತೇಕ ಮಕ್ಕಳಿಗೆ ಹೊಂದುತ್ತದೆ. ಬರೆಯುವಾಗ ಮಗು ತಡೆದರೆ ತಕ್ಷಣ ಉತ್ತರ ಹೇಳದೆ “ಪ್ರಶ್ನೆಯಲ್ಲಿ ಏನು ಕೊಟ್ಟಿದ್ದಾರೆ?” ಎಂದು ಕೇಳಿ ಸುಮ್ಮನಿರುವುದನ್ನು ಮೇಷ್ಟ್ರು ಅಭ್ಯಾಸ ಮಾಡಿಕೊಳ್ಳಬೇಕು. ತಪ್ಪಿದ ಲೆಕ್ಕಗಳಿಗೇ ಒಂದು ಪ್ರತ್ಯೇಕ ನೋಟ್‌ಬುಕ್ ಇಟ್ಟರೆ, ಪರೀಕ್ಷೆಯ ಹಿಂದಿನ ವಾರ ಓದಲು ಬೇರೆ ಗೈಡು ಬೇಕಾಗುವುದಿಲ್ಲ.

ಎಸ್‌ಎಸ್‌ಎಲ್‌ಸಿ ಒಟ್ಟು 625 ಅಂಕಗಳ ಪರೀಕ್ಷೆ: ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ಗಣಿತದಲ್ಲಿ 20 ಆಂತರಿಕ ಅಂಕ ಕಳೆದು ಉಳಿದ 80 ಅಂಕಗಳಿಗೆ ಇತ್ತೀಚಿನ ವರ್ಷಗಳಲ್ಲಿ 38 ಪ್ರಶ್ನೆಗಳು ಬರುತ್ತಿವೆ: ಒಂದು ಅಂಕದವು 16, ಎರಡರವು 8, ಮೂರರವು 9, ನಾಲ್ಕರವು 4, ಐದರದು 1. ಈ ವಿನ್ಯಾಸ ಗೊತ್ತಿದ್ದರೆ ಅಭ್ಯಾಸಕ್ಕೆ ದಾರಿ ಸಿಗುತ್ತದೆ. ಹಿಂದುಳಿದ ಮಗುವಿಗೆ ಒಂದು ಮತ್ತು ಎರಡು ಅಂಕದ 24 ಪ್ರಶ್ನೆಗಳಲ್ಲೇ 32 ಅಂಕ ಇವೆ. ಅವನ ತಯಾರಿ ಅಲ್ಲಿಂದ ಶುರುವಾಗಬೇಕು. ಚುರುಕಾದ ಮಗು ಅಂಕ ಕಳೆದುಕೊಳ್ಳುವುದು ಬರವಣಿಗೆಯಲ್ಲಿ. ಪ್ರಮೇಯದ ಪ್ರಶ್ನೆಯಲ್ಲಿ ಚಿತ್ರ, ದತ್ತ, ಸಾಧನೀಯ, ಸಾಧನೆ ಬೇರೆಬೇರೆಯಾಗಿ ಕಾಣಬೇಕು. ಗ್ರಾಫ್‌ನಲ್ಲಿ ಕೋಷ್ಟಕ, ಎರಡು ರೇಖೆ, ಅವು ಛೇದಿಸುವ ಬಿಂದು ಎಲ್ಲಕ್ಕೂ ಅಂಕ ಹಂಚಿರುತ್ತದೆ. ಕೊನೆಯ ಉತ್ತರ ತಪ್ಪಿದರೂ ಹಂತಗಳಿಗೆ ಅಂಕ ಬರುತ್ತದೆ, ಹಂತ ನುಂಗಿ ಉತ್ತರ ಬರೆದವನಿಗೆ ಪೂರ್ಣ ಅಂಕ ಬರುವುದಿಲ್ಲ. 2024ರಿಂದ ಎಸ್‌ಎಸ್‌ಎಲ್‌ಸಿ ಮತ್ತು ದ್ವಿತೀಯ ಪಿಯುಸಿ ಎರಡಕ್ಕೂ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿರುವುದರಿಂದ, ಒಂದು ಪರೀಕ್ಷೆ ಕೆಟ್ಟರೆ ವರ್ಷವೇ ಹೋಯಿತೆಂಬ ಭಯಕ್ಕೆ ಕಾರಣವಿಲ್ಲ.

ಪಿಯುಸಿಗೆ ಬಂದ ಕೂಡಲೇ ಮನೆಯವರ ಗಮನವೆಲ್ಲ ಪ್ರವೇಶ ಪರೀಕ್ಷೆಯ ಕಡೆಗೆ ವಾಲುತ್ತದೆ. ಕಾಲೇಜಿನ ಪಾಠ, ಪ್ರಯೋಗಾಲಯ ಎರಡೂ ಹಿಂದೆ ಬೀಳುತ್ತವೆ. ಕರ್ನಾಟಕದ ಎಂಜಿನಿಯರಿಂಗ್ ಆಕಾಂಕ್ಷಿಗಳಿಗೆ ಇದು ದುಬಾರಿ ಲೆಕ್ಕಾಚಾರ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಎಂಜಿನಿಯರಿಂಗ್ ರ‍್ಯಾಂಕ್ ಕೊಡುವಾಗ ಸಿಇಟಿ ಅಂಕಕ್ಕೆ ಅರ್ಧ, ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಕ್ಕೆ ಅರ್ಧ ತೂಕ ಕೊಡುತ್ತದೆ. ಪಿಯುಸಿಯಲ್ಲಿ ಶೇ. 90, ಸಿಇಟಿಯಲ್ಲಿ ಶೇ. 50 ಪಡೆದವರದೂ ಪಿಯುಸಿಯಲ್ಲಿ ಶೇ. 70, ಸಿಇಟಿಯಲ್ಲಿ ಶೇ. 70 ಪಡೆದವರದೂ ಒಂದೇ ಮಟ್ಟ. ಪಿಯುಸಿಯ ವಿಜ್ಞಾನ ವಿಷಯಗಳಲ್ಲಿ ಪ್ರಾಯೋಗಿಕ ಪರೀಕ್ಷೆಗೇ 30 ಅಂಕ ಇರುವುದನ್ನೂ ಮರೆಯಬಾರದು. ವೈದ್ಯಕೀಯ ಪ್ರವೇಶದ ರ‍್ಯಾಂಕ್ ಮಾತ್ರ ನೀಟ್ ಅಂಕದಿಂದಲೇ ನಿಗದಿಯಾಗುತ್ತದೆ. ಯಾವ ಪರೀಕ್ಷೆಯ ಅಂಕ ಎಲ್ಲಿ ಎಣಿಕೆಗೆ ಬರುತ್ತದೆ ಎಂಬುದನ್ನು ಮೊದಲ ಪಿಯುಸಿಯ ಜೂನ್‌ನಲ್ಲೇ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸುವುದು ಮೇಲು.

ಬಹು ಆಯ್ಕೆಯ ಪರೀಕ್ಷೆಗಳಿಗೆ ಅಭ್ಯಾಸದ ರೀತಿಯೂ ಬದಲಾಗಬೇಕು. ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಪ್ರಶ್ನೆಗೆ 80 ಸೆಕೆಂಡು. ತಪ್ಪಿಗೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ನೀಟ್‌ನಲ್ಲಿ 180 ಪ್ರಶ್ನೆಗಳಿಗೆ 720 ಅಂಕ. ಸರಿ ಉತ್ತರಕ್ಕೆ ನಾಲ್ಕು, ತಪ್ಪಿಗೆ ಒಂದು ಕಡಿತ. ‘ಗೊತ್ತಿಲ್ಲದಿದ್ದರೆ ಮುಟ್ಟಬೇಡ’ ಎಂಬ ಉಪದೇಶ ಇಲ್ಲಿ ಅರ್ಧ ಮಾತ್ರ ಸರಿ. ನಾಲ್ಕು ಆಯ್ಕೆಗಳಲ್ಲಿ ಎರಡು ಖಚಿತವಾಗಿ ತಪ್ಪೆಂದು ಗೊತ್ತಿದ್ದರೆ, ಉಳಿದೆರಡರಲ್ಲಿ ಒಂದನ್ನು ಆರಿಸುವುದರಿಂದ ಸರಾಸರಿ ಒಂದೂವರೆ ಅಂಕದ ಲಾಭವಿದೆ. ಏನೂ ಗೊತ್ತಿಲ್ಲದೆ ಗುರುತು ಹಾಕಿದರೆ ಸಿಗುವುದು ಸರಾಸರಿ ಕಾಲು ಅಂಕ. ಅದನ್ನು ನಂಬಿ ಸಮಯ ಕಳೆಯಬಾರದು. ಈ ಲೆಕ್ಕವನ್ನು ಮಕ್ಕಳ ಕೈಯಲ್ಲೇ ಮಾಡಿಸಿದರೆ ಸಂಭವನೀಯತೆಯ ಪಾಠವೂ ಆಗುತ್ತದೆ, ಪರೀಕ್ಷಾ ಕೊಠಡಿಯ ಗಾಬರಿಯೂ ಇಳಿಯುತ್ತದೆ.

ಪುಸ್ತಕದ ವಿಷಯದಲ್ಲಿ ಒಂದು ಎಚ್ಚರ. ಪಿಯುಸಿ ವಿಜ್ಞಾನಕ್ಕೆ ಎನ್‌ಸಿಇಆರ್‌ಟಿ ಪಠ್ಯವೇ ಮೂಲ, ಆ ಪಠ್ಯದಿಂದ ಇತ್ತೀಚೆಗೆ ಹಲವು ಭಾಗಗಳನ್ನು ಕೈಬಿಡಲಾಗಿದೆ. 2024ರ ಸಿಇಟಿಯಲ್ಲಿ ಹಾಗೆ ಕೈಬಿಟ್ಟ ಭಾಗಗಳ ಪ್ರಶ್ನೆಗಳು ಬಂದು ರಾಜ್ಯದಾದ್ಯಂತ ಗಲಾಟೆಯಾಯಿತು. ಕೊನೆಗೆ 50 ಪ್ರಶ್ನೆಗಳನ್ನು ಬಿಟ್ಟು ಮೌಲ್ಯಮಾಪನ ನಡೆಯಿತು. ಅವೆನ್ಯೂ ರಸ್ತೆಯಲ್ಲಿ ಅರ್ಧ ಬೆಲೆಗೆ ಸಿಗುವ ಹಳೆಯ ಗೈಡುಗಳು ಅಭ್ಯಾಸಕ್ಕೆ ಸಾಕು, ಆದರೆ ಆ ವರ್ಷದ ಪಠ್ಯಕ್ರಮವನ್ನು ಪಕ್ಕದಲ್ಲಿಟ್ಟುಕೊಂಡು ಬೇಡದ ಅಧ್ಯಾಯಗಳಿಗೆ ಅಡ್ಡಗೆರೆ ಎಳೆದ ಮೇಲೆಯೇ ಅವನ್ನು ಬಳಸಬೇಕು.

ಶುಲ್ಕ, ಹಾಜರಿ, ರಜೆ ಇವನ್ನು ಮೊದಲ ದಿನವೇ ಮಾತಾಡಿಕೊಳ್ಳದಿದ್ದರೆ ನಂತರ ಮನಸ್ತಾಪ ಖಂಡಿತ. ಮನೆಪಾಠಕ್ಕೆ ತಿಂಗಳ ಲೆಕ್ಕಕ್ಕಿಂತ ತರಗತಿಯ ಲೆಕ್ಕವೇ ಎರಡೂ ಕಡೆಗೆ ನ್ಯಾಯ. ಮಕ್ಕಳ ಶಿಕ್ಷಣ ಹಕ್ಕಿನ ಕಾಯ್ದೆ, 2009ರ 28ನೇ ಕಲಮಿನ ಪ್ರಕಾರ ಶಾಲಾ ಶಿಕ್ಷಕರು ಖಾಸಗಿ ಟ್ಯೂಷನ್ ಹೇಳುವಂತಿಲ್ಲ. ತರಗತಿಯ ಮೇಷ್ಟ್ರೇ ಸಂಜೆ ಮನೆಗೆ ಬರಲಿ ಎಂದು ಬಯಸುವವರು ಇದನ್ನು ತಿಳಿದಿರಬೇಕು. ಕೋಚಿಂಗ್ ಸೆಂಟರ್‌ಗಳಿಗೆ ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದೆ. ಅದರಂತೆ 16 ವರ್ಷದೊಳಗಿನವರನ್ನು ಸೇರಿಸಿಕೊಳ್ಳಬಾರದು, ರ‍್ಯಾಂಕ್ ಖಾತ್ರಿಯ ಭರವಸೆ ಕೊಡಬಾರದು, ದಿನಕ್ಕೆ ಐದು ಗಂಟೆ ಮೀರಿ ತರಗತಿ ನಡೆಸಬಾರದು. ಪೂರ್ತಿ ಶುಲ್ಕ ಕಟ್ಟಿದ ವಿದ್ಯಾರ್ಥಿ ನಡುವೆ ಬಿಟ್ಟರೆ ಉಳಿದ ಅವಧಿಯ ಹಣವನ್ನು ಹತ್ತು ದಿನಗಳಲ್ಲಿ ಹಿಂದಿರುಗಿಸಬೇಕು. ಹೀಗಿದ್ದರೂ ಎರಡು ವರ್ಷದ ಹಣವನ್ನು ಒಂದೇ ಕಂತಿನಲ್ಲಿ ಕಟ್ಟಿ, ಮಗು ಬೇಡವೆಂದ ಮೇಲೆ ಓಡಾಡಿ ಸುಸ್ತಾಗಿ ಕೊನೆಗೆ ಮನೆಪಾಠಕ್ಕೆ ಬರುವ ಕುಟುಂಬಗಳುಂಟು. ಕಂತು ಚಿಕ್ಕದಾಗಿದ್ದಷ್ಟೂ ಒಳ್ಳೆಯದು, ರಸೀದಿ ಕೈಯಲ್ಲಿರಬೇಕು.

ಪಾಠದ ಹೊರಗೂ ಮೇಷ್ಟ್ರಿಗೆ ಒಂದು ಕೆಲಸವಿರುತ್ತದೆ: ಪ್ರವೇಶದ ಕಾಗದಪತ್ರ ಮತ್ತು ಕಾಲೇಜು ಆಯ್ಕೆಯಲ್ಲಿ ನೆರವಾಗುವುದು. ಜಾತಿ, ಆದಾಯ ಪ್ರಮಾಣಪತ್ರಗಳ ಆರ್‌ಡಿ ಸಂಖ್ಯೆ, ಗ್ರಾಮೀಣ ಮೀಸಲಾತಿ ಮತ್ತು ಕನ್ನಡ ಮಾಧ್ಯಮದ ವ್ಯಾಸಂಗ ಪ್ರಮಾಣಪತ್ರ ಇವು ಸಿಇಟಿ ಅರ್ಜಿಯ ವೇಳೆಗೇ ಸಿದ್ಧವಿರಬೇಕು. ಪರೀಕ್ಷೆಯ ನಂತರ, ಬೇಕಾದ ಕಾಲೇಜುಗಳನ್ನು ಪಟ್ಟಿ ಮಾಡುವ ಆಪ್ಷನ್ ಎಂಟ್ರಿಯಲ್ಲಿ ನಾಲ್ಕೈದು ಹೆಸರಾಂತ ಕಾಲೇಜು ಮಾತ್ರ ತುಂಬಿ ಸೀಟು ಸಿಗದೆ ಕೂತವರಿದ್ದಾರೆ. ಹಿಂದಿನ ವರ್ಷದ ಕೊನೆಯ ರ‍್ಯಾಂಕ್‌ಗಳನ್ನು ನೋಡಿಕೊಂಡು, ಬೇಕಾದ ಕ್ರಮದಲ್ಲೇ ಉದ್ದದ ಪಟ್ಟಿ ತುಂಬಬೇಕು. ಅಣಕು ಸೀಟು ಹಂಚಿಕೆಯ ಫಲಿತಾಂಶ ಬಂದ ಮೇಲೆ ಅದನ್ನು ತಿದ್ದಿಕೊಳ್ಳುವ ಅವಕಾಶವಿರುತ್ತದೆ.

ಒಳ್ಳೆಯ ಮನೆಪಾಠದ ಲಕ್ಷಣ ಅದರ ಅಗತ್ಯ ಕ್ರಮೇಣ ಕಡಿಮೆಯಾಗುವುದು. ವಾರಕ್ಕೆ ಮೂರು ದಿನದ ಪಾಠ ಆರು ತಿಂಗಳಲ್ಲಿ ಎರಡಕ್ಕೆ, ನಂತರ ಸಂದೇಹ ಕೇಳುವ ಒಂದು ದಿನಕ್ಕೆ ಇಳಿಯಬೇಕು. ವರ್ಷ ಕಳೆದರೂ ಮಗು ಮೇಷ್ಟ್ರಿಲ್ಲದೆ ಒಂದು ಅಧ್ಯಾಯ ಓದಲಾರದು ಎಂದಾದರೆ ಆ ಪಾಠ ಸೋತಿದೆ. ಶಾಲೆ, ಟ್ಯೂಷನ್, ಕೋಚಿಂಗ್ ಮೂರನ್ನೂ ಮುಗಿಸಿ ರಾತ್ರಿ ಒಂಬತ್ತಕ್ಕೆ ಮನೆ ಸೇರುವ ಮಗುವಿಗೆ ತಾನೇ ಕೂತು ಓದುವ ಹೊತ್ತು ಉಳಿದಿರುವುದಿಲ್ಲ; ಅಂಥ ಮಗುವಿಗೆ ಇನ್ನೊಂದು ಟ್ಯೂಷನ್ ಸೇರಿಸುವುದಕ್ಕಿಂತ ಇರುವ ಒಂದನ್ನು ಬಿಡಿಸುವುದು ಹೆಚ್ಚು ಪ್ರಯೋಜನಕಾರಿ. ಪೋಷಕರು ಶುಲ್ಕ ಕಟ್ಟುವ ಮುನ್ನ ಒಂದು ಸಂಜೆ ಮಗುವಿನ ಪಕ್ಕ ಕೂತು ಹಳೆಯ ಉತ್ತರಪತ್ರಿಕೆಗಳನ್ನು ತೆರೆದು ನೋಡಲಿ. ಟ್ಯೂಷನ್ ಬೇಕೇ, ಬೇಕಾದರೆ ಯಾವುದಕ್ಕೆ ಎಂಬುದು ಬಹುತೇಕ ಅಲ್ಲೇ ಇತ್ಯರ್ಥವಾಗುತ್ತದೆ.