ಹೊಯ್ಗೆ ಬಜಾರಿನ ಖಾಲಿ ಜಾಗದ ಅಡಿಯಲ್ಲಿ ಏನುಂಟು?



ನಮ್ಮೂರಿನ ತೋಡಿನ ನೀರು ಕೊನೆಗೆ ಎಲ್ಲಿಗೆ ಹೋಗ್ತದೆ ಗೊತ್ತುಂಟಾ? ತೋಡಿನಿಂದ ಹೊಳೆಗೆ, ಹೊಳೆಯಿಂದ ನೇತ್ರಾವತಿಗೆ, ಅಲ್ಲಿಂದ ಮಂಗಳೂರಿನ ಅಳಿವೆಯಲ್ಲಿ ಅರಬ್ಬೀ ಸಮುದ್ರಕ್ಕೆ. ಆ ಅಳಿವೆಯ ಸಮೀಪ ಹೊಯ್ಗೆ ಬಜಾರ್ ಉಂಟು. ಅಲ್ಲಿ ನನ್ನ ಅತ್ತೆಯ ಮನೆ. ಮನೆಯ ಎದುರು ನದಿ ದಡದಲ್ಲಿ ಒಂದು ಖಾಲಿ ಜಾಗ. ಬೇಸಿಗೆ ರಜೆಯಲ್ಲಿ ಹೋದಾಗ ಅಲ್ಲಿ ಕಟ್ಟಡಕ್ಕೆಂದು ದೊಡ್ಡ ಗುಂಡಿ ತೆಗೆದಿದ್ದರು. ಬೇಲಿಯ ಹೊರಗೆ ನಿಂತು ನಾನು ನೋಡಿದ್ದನ್ನೂ ಆಮೇಲೆ ಗುರುಗಳಲ್ಲಿ ಕೇಳಿ ತಿಳಿದದ್ದನ್ನೂ ಬರೆದಿದ್ದೇನೆ.

1. ಜಾಗದ ಪರಿಸರ
ನೇತ್ರಾವತಿ ಮತ್ತು ಗುರುಪುರ (ಫಲ್ಗುಣಿ) ನದಿಗಳು ಒಂದೇ ಅಳಿವೆಯಲ್ಲಿ ಸಮುದ್ರ ಸೇರುತ್ತವೆ. ಅಳಿವೆಯ ಉತ್ತರಕ್ಕೆ ಬೆಂಗ್ರೆ, ದಕ್ಷಿಣಕ್ಕೆ ಉಳ್ಳಾಲ. ಇವೆರಡೂ ನದಿ ಮತ್ತು ಸಮುದ್ರದ ನಡುವೆ ಚಾಚಿದ ಮರಳಿನ ದಿಬ್ಬಗಳು. ನದಿ ತಂದ ಮರಳನ್ನು ಸಮುದ್ರದ ಅಲೆಗಳು ಹಿಂದೆ ತಳ್ಳಿ ಇವು ಆಗಿವೆ. 'ಹೊಯ್ಗೆ' ಅಂದರೂ ಮರಳೇ. ಹೆಸರಿನಲ್ಲಿಯೇ ಭೂಗೋಳದ ಪಾಠ ಉಂಟು!

2. ಗುಂಡಿಯಲ್ಲಿ ಕಂಡ ಪದರಗಳು
ಅ) ಮೇಲೆ: ತುಂಬಿಸಿದ ಕೆಂಪು ಮಣ್ಣು ಮತ್ತು ಒಡೆದ ಹಂಚು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದರು. ಆಮೇಲೆ ನದಿ ದಡದಲ್ಲಿ ಅನೇಕ ಕಾರ್ಖಾನೆಗಳಾದವು. ಹಂಚಿನ ಆವೆಮಣ್ಣು ದೋಣಿಯಲ್ಲಿ ಬರುತ್ತಿತ್ತು.
ಆ) ಅದರ ಕೆಳಗೆ: ಮರಳು. ನಡುನಡುವೆ ಮರುವಾಯಿ ಚಿಪ್ಪು.
ಇ) ಇನ್ನೂ ಕೆಳಗೆ: ಕಪ್ಪು ಕೆಸರು ಮಣ್ಣು. ಅಲ್ಲಿಯೇ ನೀರು ಒಸರುತ್ತಿತ್ತು.
ಎಲ್ಲಕ್ಕಿಂತ ಆಳದಲ್ಲಿ ನೈಸ್ ಎಂಬ ಗಟ್ಟಿ ಶಿಲೆ ಇರುತ್ತದೆ. ಅದು 250 ಕೋಟಿ ವರ್ಷಕ್ಕಿಂತಲೂ ಹಳೆಯದು.

3. ಗುಡ್ಡ ಬೇರೆ, ದಡ ಬೇರೆ
ಅದೇ ಪೇಟೆಯ ಬಾವುಟಗುಡ್ಡೆಯಲ್ಲಿ ನಮ್ಮೂರಿನ ಹಾಗೆ ಮುರಕಲ್ಲು ಉಂಟು. ಮಂಗಳೂರಿನಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ.ಗಿಂತ ಹೆಚ್ಚು ಮಳೆ. ಬಿಸಿಲು ಮಳೆಗೆ ಶಿಲೆ ಕೊಳೆತು, ಸಿಲಿಕ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶ ಉಳಿದು ಮುರಕಲ್ಲು ಆಗ್ತದೆ. 1807ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಬುಕಾನನ್ ಎಂಬವರು ಇದಕ್ಕೆ 'ಲ್ಯಾಟರೈಟ್' ಎಂದು ಹೆಸರಿಟ್ಟರು. ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಆ ಹೆಸರು ಬಂತು. ಮುರಕಲ್ಲಿನ ಮೇಲೆ ಮನೆಯ ಪಂಚಾಂಗ ಸುಲಭ. ದಡದ ಕೆಸರಿನಲ್ಲಿ ದೊಡ್ಡ ಕಟ್ಟಡಕ್ಕೆ ಗಟ್ಟಿ ಪದರ ಸಿಗುವ ತನಕ ಕಂಬ ಇಳಿಸಬೇಕು.

4. ಅತ್ತೆಯ ಬಾವಿ
ಗುಂಡಿಯ ನೀರನ್ನು ಹಗಲೂ ರಾತ್ರಿ ಪಂಪಿನಿಂದ ಎತ್ತಿ ನದಿಗೆ ಬಿಡುತ್ತಿದ್ದರು. ಎಂಟು ದಿನದಲ್ಲಿ ಅತ್ತೆಯ ಬಾವಿ ನೀರು ಇಳಿಯಿತು. ಆಮೇಲೆ ರುಚಿಯೇ ಬದಲಾಯಿತು. "ಚಾ ಕುಡಿಲಿಕ್ಕೆ ಆಗುವುದಿಲ್ಲ ಮಗಾ, ಉಪ್ಪು ಉಪ್ಪು" ಅಂದರು ಅತ್ತೆ. ಬಾವಿಗೆ ಯಾರದೋ ದೃಷ್ಟಿ ಆಗಿದೆ ಅಂತ ಪಕ್ಕದ ಮನೆಯವರು ಹೇಳಿದರು. ದೃಷ್ಟಿ ಅಲ್ಲ, ಕಾರಣ ಬೇರೆ. ಸಮುದ್ರದ ಹತ್ತಿರ ಮಳೆಯ ಸಿಹಿನೀರು ಹಗುರವಾದ್ದರಿಂದ ಉಪ್ಪುನೀರಿನ ಮೇಲೆ ತೇಲುತ್ತದೆ. ಸಿಹಿನೀರಿನ ಮಟ್ಟ 1 ಅಡಿ ಇಳಿದರೆ ಅಡಿಯ ಉಪ್ಪುನೀರು ಸುಮಾರು 40 ಅಡಿ ಏರಬಹುದಂತೆ! ಅದೂ ಅಲ್ಲದೆ ಬೇಸಿಗೆಯಲ್ಲಿ ಹೊಳೆ ಸೊರಗಿ, ಉಬ್ಬರದ ನೀರು ನದಿಯೊಳಗೆ ನುಗ್ಗುತ್ತದೆ.
ಆಮೇಲೆ ಕೆಲಸ ಅರ್ಧಕ್ಕೆ ನಿಂತಿತು. ಎರಡು ಮಳೆಗಾಲ ಕಳೆದ ಮೇಲೆ ಬಾವಿ ಸರಿಯಾಯಿತು. ಅಷ್ಟು ದಿನ ಅತ್ತೆ ದೂರದ ನಳ್ಳಿಯಿಂದ ಕೊಡದಲ್ಲಿ ನೀರು ಹೊತ್ತರು.

5. ನೀವೂ ಮಾಡಿ ನೋಡಿ
ಒಂದು ಗ್ಲಾಸಿನಲ್ಲಿ ಅರ್ಧ ಉಪ್ಪುನೀರು ಹಾಕಿ ಒಂದು ಹನಿ ಶಾಯಿ ಕಲಸಿ. ಅದರ ಮೇಲೆ ಚಮಚದಿಂದ ಮೆಲ್ಲಗೆ ಸಿಹಿನೀರು ಬಿಡಿ. ಎರಡು ಪದರ ಕಾಣ್ತದೆ. ಈಗ ಪೆನ್ನಿನ ಖಾಲಿ ಕೊಳವೆಯಿಂದ ಮೇಲಿನ ನೀರನ್ನು ಹೀರಿ. ಸ್ವಲ್ಪ ಹೊತ್ತಿನಲ್ಲಿ ಬಾಯಿಗೆ ಏನು ಬರ್ತದೆ?

ಖಾಲಿ ಜಾಗ ಅಂದರೆ ಏನೂ ಇಲ್ಲದ ಜಾಗ ಅಲ್ಲ ಸ್ನೇಹಿತರೇ. ಅದರ ಅಡಿಯಲ್ಲಿ ನೆರೆಮನೆಯವರ ನೀರೂ ಉಂಟು.

ಪ್ರಶ್ನೆ: ನಮ್ಮ ಶಾಲೆಯ ಬಾವಿಯಲ್ಲಿ ಎಷ್ಟು ಪದರ ಕಾಣ್ತದೆ? ಬಗ್ಗಬೇಡಿ, ಗುರುಗಳ ಜೊತೆ ಹೋಗಿ ಎಣಿಸಿ.

— 7ನೇ ತರಗತಿ